ಆ ಮೀನು ಎಲ್ಲಿಂದ ಬಂತು ಅಂತ ಕೇಳಿದ್ರಾ?

ಓದುಗರ ಪತ್ರ: ಮೂರು ವರ್ಷದಿಂದ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೇನೆ. ಹವಳಗಳಿವೆ, ಆರು ಮೀನುಗಳಿವೆ. ಮೊನ್ನೆ ಗೆಳೆಯರೊಬ್ಬರು ಬಂದವರು, "ನಿನ್ನ ಶೋಕಿಗೆ ಸಮುದ್ರ ಬರಿದಾಗ್ತಿದೆ" ಅಂದುಬಿಟ್ಟರು. ಟ್ಯಾಂಕ್ ಮುಚ್ಚಿಬಿಡಲೇ? ನನ್ನ ಹವಳ ಚೆನ್ನಾಗಿ ಬೆಳೆದಿದೆ. ಅದರ ತುಂಡುಗಳನ್ನು ಸಮುದ್ರಕ್ಕೆ ವಾಪಸ್ ಬಿಟ್ಟರೆ ಸ್ವಲ್ಪವಾದರೂ ಋಣ ತೀರೀತೇ?

ಸಂಪಾದಕರ ಉತ್ತರ:

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಮೊದಲು ನಿಮ್ಮ ಎರಡನೇ ಪ್ರಶ್ನೆ. ದಯವಿಟ್ಟು ಬಿಡಬೇಡಿ. ಹವಳವನ್ನೂ ಬೇಡ, ಮೀನನ್ನೂ ಬೇಡ, ಟ್ಯಾಂಕಿನ ನೀರನ್ನೂ ಬೇಡ.

ಲಯನ್‌ಫಿಶ್ ಕತೆ ಕೇಳಿರಬಹುದು. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಮೀನದು. 1985ರಲ್ಲಿ ಫ್ಲೋರಿಡಾ ತೀರದಲ್ಲಿ ಕಾಣಿಸಿಕೊಂಡಿತು. ಯಾರದೋ ಟ್ಯಾಂಕಿನಿಂದಲೇ ಹೋಗಿರಬೇಕು ಅನ್ನೋದು ತಜ್ಞರ ಬಲವಾದ ಅನುಮಾನ. ಈಗ ಕೆರಿಬಿಯನ್ ಸಮುದ್ರದುದ್ದಕ್ಕೂ ಅಲ್ಲಿನ ಮರಿಮೀನುಗಳನ್ನು ಗುಳುಂ ಮಾಡ್ತಾ ಕೂತಿದೆ. ಅಕ್ವೇರಿಯಂಗಳಲ್ಲಿ ಅಂದಕ್ಕೆಂದು ಬೆಳೆಸುತ್ತಿದ್ದ ಕಾಲೆರ್ಪಾ ಎಂಬ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯಾದ ಹಿನ್ನೀರಿಗೆ ಸೇರಿತು. ಅದನ್ನು ಪೂರ್ತಿ ಕಿತ್ತುಹಾಕಲು ಆರು ವರ್ಷ ಹಿಡಿಯಿತು, 70 ಲಕ್ಷ ಡಾಲರಿಗೂ ಜಾಸ್ತಿ ಖರ್ಚಾಯಿತು. ಹೀಗೆ ಬಿಡುವವರು ಕೆಟ್ಟವರೇನಲ್ಲ. ಸಾಯಿಸೋಕೆ ಮನಸ್ಸು ಬಂದಿರೋದಿಲ್ಲ, ಅಷ್ಟೇ.

ಇನ್ನು ನಿಮ್ಮ ಗೆಳೆಯರ ಮಾತು. ಅರ್ಧ ನಿಜ. ಆ ಅರ್ಧ ಎಂಥದ್ದು ಅಂತ ಗೊತ್ತಿರಲಿ. ಮೀನು ಹಿಡಿಯುವವನು ಪ್ಲಾಸ್ಟಿಕ್ ಬಾಟಲಿಯಲ್ಲಿ ಸೋಡಿಯಂ ಸಯನೈಡ್ ಕರಗಿಸಿಕೊಂಡು ನೀರಿಗಿಳಿಯುತ್ತಾನೆ. ಮೀನು ಹೆದರಿ ಹವಳದ ಸಂದಿಗೆ ನುಗ್ಗುತ್ತದೆ. ಅವನು ಆ ಸಂದಿಯೊಳಗೆ ಬಾಟಲಿ ಹಿಂಡುತ್ತಾನೆ. ಬಿಳಿ ಮೋಡದ ಹಾಗೆ ವಿಷ ಹರಡುತ್ತದೆ. ಮೀನು ಅಮಲೇರಿದಂತೆ ಓಲಾಡುತ್ತದೆ, ಕೈಯಲ್ಲೇ ಹಿಡಿಯಬಹುದು. ಒಳಗೇ ಸಿಕ್ಕಿಹಾಕಿಕೊಂಡರೆ ಹವಳವನ್ನೇ ಮುರಿದು ತೆಗೆಯುತ್ತಾನೆ. ವಿಷ ತಾಗಿದ ಹವಳ ಬೆಳ್ಳಗಾಗಿ ಸಾಯುತ್ತದೆ. 1960ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶುರುವಾದ ಪದ್ಧತಿ ಇದು, ಆಮೇಲೆ ಇಂಡೋನೇಷ್ಯಾಕ್ಕೂ ಹಬ್ಬಿತು. ಕಾನೂನು ಬೇಡ ಅಂದರೂ ಪೂರ್ತಿ ನಿಂತಿಲ್ಲ. ಹೀಗೆ ಹಿಡಿದ ಮೀನು ಎಷ್ಟೋ ಸಲ ಮನೆಗೆ ಬಂದ ಮೇಲೆ ಕಾರಣವಿಲ್ಲದೆ ಸತ್ತ ಹಾಗೆ ಸಾಯುತ್ತದೆ. ಇಟ್ಟುಕೊಂಡವರು ನೀರು ಸರಿ ಇರಲಿಲ್ಲವೇನೋ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಉಳಿದರ್ಧಕ್ಕೆ ಬಾಲಿಯ ಉತ್ತರ ತೀರಕ್ಕೆ ಹೋಗಬೇಕು. ಅಲ್ಲಿನ ಲೆಸ್ ಎಂಬ ಹಳ್ಳಿಯವರೂ ಸಯನೈಡ್ ಹಾಕುತ್ತಿದ್ದವರೇ. ಹವಳದ ದಿಬ್ಬ ಹಾಳಾಯಿತು, ಮೀನೂ ಕಡಿಮೆಯಾಯಿತು. ಆಮೇಲೆ ಸಣ್ಣ ಕಣ್ಣಿನ ಬಲೆ ಹಾಕೋದನ್ನು ಕಲಿತರು, ಹವಳದ ದಿಬ್ಬವನ್ನು ತಾವೇ ಮತ್ತೆ ಕಟ್ಟಲು ಶುರು ಮಾಡಿದರು. ಜೀವಂತ ದಿಬ್ಬವೇ ಅನ್ನ ಕೊಡುವಾಗ ಅದನ್ನು ಕಾಯೋಕೆ ಬೇರೆಯವರು ಹೇಳಬೇಕಾಗಿಲ್ಲ, ಅಲ್ವಾ? ಹಾಗಾಗಿ ಸಮುದ್ರದಿಂದ ಹಿಡಿದ ಮೀನೆಲ್ಲ ಪಾಪದ ಮೀನು ಅಂತ ನಾನು ಒಪ್ಪೋದಿಲ್ಲ. ಹೇಗೆ ಹಿಡಿದರು ಅನ್ನೋದು ಮುಖ್ಯ. ಅದು ಕೇಳಿದರೆ ಮಾತ್ರ ಗೊತ್ತಾಗೋದು.

ಕೊಳ್ಳುವಾಗ ಕೇಳಿ: ಇದು ಸಾಕಿದ್ದಾ, ಹಿಡಿದದ್ದಾ? ಎಲ್ಲಿಯದು? ಬಲೆಯಲ್ಲಿ ಹಿಡಿದದ್ದೇ? ಮಾರುವವರಿಗೆ ಗೊತ್ತಿಲ್ಲದಿದ್ದರೆ ಸುಮ್ನೆ ವಾಪಸ್ ಬನ್ನಿ. ಹತ್ತು ಜನ ಹೀಗೆ ಬರಿಗೈಯಲ್ಲಿ ವಾಪಸ್ ಹೋದರೆ, ಅವರೂ ತಮಗೆ ಮಾರಿದವರನ್ನು ಕೇಳೋಕೆ ಶುರು ಮಾಡುತ್ತಾರೆ. ಕ್ಲೌನ್‌ಫಿಶ್ ಆದರೆ ಸಾಕಿದ್ದೇ ಬೇಕು ಅಂತ ಹಟ ಹಿಡಿಯಿರಿ, ಧಾರಾಳವಾಗಿ ಸಿಗುತ್ತದೆ. ನೀಲಿ ಟ್ಯಾಂಗ್ ಎಂಬ ಮೀನಿನದು ಬೇರೆ ಕತೆ. ಅದನ್ನು ತೊಟ್ಟಿಯಲ್ಲಿ ಮರಿ ಮಾಡಿಸಿ ದೊಡ್ಡದು ಮಾಡಲು ಸಾಧ್ಯವಾದದ್ದೇ 2016ರಲ್ಲಿ.

ಬಾಂಗ್ಗಾಯ್ ಕಾರ್ಡಿನಲ್ ಎಂಬ ಮೀನಿನ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ, ನನಗೆ ಅದರ ಮೇಲೆ ಸ್ವಲ್ಪ ಮೋಹ. ಇಂಡೋನೇಷ್ಯಾದ ಬಾಂಗ್ಗಾಯ್ ದ್ವೀಪಗಳು ಅದರ ತವರು. ವ್ಯಾಪಾರದ ಹೊಡೆತಕ್ಕೆ ಸಿಕ್ಕಿ 2007ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ವಿಚಿತ್ರ ಅಂದರೆ, ಮನೆಯಲ್ಲಿ ಮರಿ ಮಾಡಿಸಲು ಇಷ್ಟು ಸುಲಭದ ಸಮುದ್ರದ ಮೀನುಗಳು ಕಡಿಮೆ. ಮೊಟ್ಟೆಗಳನ್ನು ಗಂಡು ಬಾಯಲ್ಲಿ ಇಟ್ಟುಕೊಳ್ಳುತ್ತದೆ. ಗಲ್ಲ ಉಬ್ಬಿರುತ್ತದೆ. ಮೂಗಿನ ಮುಂದೆ ತಿಂಡಿ ತೇಲಿದರೂ ಬಾಯಿ ತೆರೆಯೋದಿಲ್ಲ, ಹೆಚ್ಚುಕಡಿಮೆ ಒಂದು ತಿಂಗಳು! ಆಮೇಲೆ ಅಪ್ಪನ ಹಾಗೇ ಪಟ್ಟೆ ಇರುವ ಪುಟ್ಟ ಮರಿಗಳು ಹೊರಗೆ ಬರುತ್ತವೆ. ನಿಮ್ಮಲ್ಲಿ ಜೋಡಿ ಇದ್ದರೆ ಮರಿ ಸಾಕಿ, ಗೊತ್ತಿರುವವರಿಗೆ ಕೊಡಿ.

ಹವಳದ ತುಂಡುಗಳಿಗೂ ಇದೇ ದಾರಿ. ಕತ್ತರಿಸಿ, ಸೂಪರ್ ಗ್ಲೂ ಹಚ್ಚಿ ಸಣ್ಣ ಬಿಲ್ಲೆಗೆ ಅಂಟಿಸಿ, ಬೇರೆ ಅಕ್ವೇರಿಯಂನವರಿಗೆ ಹಂಚಿ. ಅಷ್ಟು ಹವಳ ಸಮುದ್ರದಿಂದ ಬರೋದು ತಪ್ಪುತ್ತದೆ. ಟ್ಯಾಂಕಿಗೆ ಕಲ್ಲು ಬೇಕಾದಾಗಲೂ ದಿಬ್ಬದಿಂದ ತಂದ ಲೈವ್ ರಾಕ್, ಅಂದರೆ ಜೀವಿಗಳು ಮನೆಮಾಡಿರುವ ಕಲ್ಲು, ಬೇಡ. ಒಣ ಕಲ್ಲು ಸಾಕು, ಅದರಲ್ಲೂ ಜೀವಿಗಳು ನೆಲೆಯಾಗುವವರೆಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು ಅಷ್ಟೇ.

ಹಾಗಂತ ಲೆಕ್ಕ ತಪ್ಪಬಾರದು. ಹವಳಕ್ಕೆ ದೊಡ್ಡ ಶತ್ರು ನಮ್ಮ ಟ್ಯಾಂಕುಗಳಲ್ಲ, ಬಿಸಿ. ಒಂದು ಸಲ ನನ್ನ ಟ್ಯಾಂಕಿನ ಹೀಟರ್ ರಾತ್ರಿ ಕೈಕೊಟ್ಟು, ಆಫ್ ಆಗದೆ ಉರಿಯುತ್ತಲೇ ಇತ್ತು. ಮುಂದಿನ ಕೆಲವು ದಿನಗಳಲ್ಲಿ ಕಂದು ಬಣ್ಣದ ಹವಳ ಸುಣ್ಣ ಬಳಿದ ಹಾಗಾಯಿತು. ಸಮುದ್ರದಲ್ಲಿ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ನಿಂತರೂ ಇದೇ ಗತಿ. 2023ರಲ್ಲಿ ಶುರುವಾದ ಬಿಸಿ ಅಲೆ ಎರಡೇ ವರ್ಷದಲ್ಲಿ ಜಗತ್ತಿನ ಶೇ. 84ರಷ್ಟು ಹವಳದ ದಿಬ್ಬಗಳನ್ನು ತಟ್ಟಿತು. ಗೆಳೆಯರಿಗೆ ಇದನ್ನೂ ಹೇಳಿ.

ಟ್ಯಾಂಕಿನಲ್ಲಿ ಹವಳ ಬದುಕಿಸುವ ವಿದ್ಯೆ ಸಣ್ಣದೇನಲ್ಲ. ಫ್ಲೋರಿಡಾದಲ್ಲಿ 2014ರಿಂದ ಒಂದು ರೋಗ ಹವಳಗಳನ್ನು ಕೊಲ್ಲುತ್ತಾ ಬಂತು. ಆಗ ಇನ್ನೂ ರೋಗ ತಾಗದವನ್ನು ದಡಕ್ಕೆ ತಂದು ತೊಟ್ಟಿಗಳಲ್ಲಿ ಕಾಪಾಡಿದರು. ಋತುಮಾನ, ಬೆಳುದಿಂಗಳು ಎಲ್ಲವನ್ನೂ ದೀಪದಲ್ಲೇ ಸೃಷ್ಟಿಸಿ ಹವಳ ಮೊಟ್ಟೆ ಬಿಡುವಂತೆ ಮಾಡುವುದನ್ನು ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನವರು ಸಾಧಿಸಿದ್ದರು. ಅವರ ಜೊತೆ ಸೇರಿ ಫ್ಲೋರಿಡಾ ಅಕ್ವೇರಿಯಂ 2019ರಲ್ಲಿ ಕಂಬದ ಹವಳ ಎಂಬ ಜಾತಿಗೂ ಅದನ್ನೇ ಮಾಡಿ ತೋರಿಸಿತು. ಇಂಥವರು ಹವಳವನ್ನು ಸಮುದ್ರಕ್ಕೆ ಬಿಡುತ್ತಾರೆ, ನಿಜ. ಆದರೆ ಅಲ್ಲಿಯದೇ ತಳಿ, ರೋಗದ ಪರೀಕ್ಷೆ ಆದ ಮೇಲೆ. ನಮ್ಮ ಟ್ಯಾಂಕಿನ ಹವಳಕ್ಕೆ ಆ ಎರಡೂ ಇಲ್ಲ.

ಹಾಗಾಗಿ ಮುಚ್ಚಬೇಡಿ. ಇರುವ ಆರು ಮೀನನ್ನು ಅವುಗಳ ಆಯುಸ್ಸು ಮುಗಿಯುವವರೆಗೂ ಬದುಕಿಸಿ. ಒಂದು ಸತ್ತರೆ ಇನ್ನೊಂದು ತರ್ತೀವಿ, ದಿಬ್ಬಕ್ಕೆ ಹೊಡೆತ ಬೀಳೋದೇ ಅಲ್ಲಿ. ಆ ಆರು ಯಾವುವು ಅಂತ ನೀವು ಬರೆದಿಲ್ಲ. ಅವುಗಳಲ್ಲಿ ಮ್ಯಾಂಡರಿನ್ ಇದ್ದರೆ ಇವತ್ತೇ ಪಕ್ಕದಿಂದ ನೋಡಿ, ಹೊಟ್ಟೆ ಒಳಕ್ಕೆ ಹೋಗಿದೆಯಾ ಅಂತ. ಕಲ್ಲಿನ ಮೇಲಿನ ಸಣ್ಣ ಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುವ ಮೀನು ಅದು. ಸಣ್ಣ ಟ್ಯಾಂಕಿನಲ್ಲಿ ಆ ಜೀವಿಗಳು ಖಾಲಿಯಾದರೆ ಅದಕ್ಕೆ ಉಪವಾಸವೇ ಗತಿ.