ಮ್ಯೂನಿಕ್‌ಗೆ ಹೊರಟಿದ್ದೀನಿ: ಬೆಂಗಳೂರಿನದು ಏನು ನೆನಪಾಗುತ್ತೆ, ವಾಪಸ್ ಬಂದ ಮೇಲೆ ಅಲ್ಲಿಯದು ಏನು ಕಾಡುತ್ತೆ?

ನೀವು ಕೇಳಿರೋದು ಎರಡು ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ಜಯನಗರ ಬಿಟ್ಟು ಎರಡು-ಮೂರು ವರ್ಷಕ್ಕೆ ಮ್ಯೂನಿಕ್‌ಗೆ ಹೋದರೆ ಊರಿನದು ಏನು ಕಾಡುತ್ತೆ, ಆಮೇಲೆ ವಾಪಸ್ ಬಂದರೆ ಅಲ್ಲಿಯದು ಏನು ಕಾಡುತ್ತೆ ಅಂತ. ಊರಿನ ನೆನಪು ಇಡೀ ದಿನ ಕೂತಿರಲ್ಲ, ಹೊತ್ತು ನೋಡಿಕೊಂಡು ಬರುತ್ತೆ. ಬೆಳಗಿನ ಕಾಫಿ, ಆಫೀಸ್ ಮುಗಿಸಿ ಬಾಗಿಲು ತೆಗೆಯೋ ಸಂಜೆ, ಭಾನುವಾರ, ಆಮೇಲೆ ನವೆಂಬರ್ ತಿಂಗಳು. ಇವಕ್ಕೆ ಮುಂಚೆನೇ ಏರ್ಪಾಡು ಮಾಡಿಕೊಂಡರೆ ಮಿಕ್ಕಿದ್ದನ್ನ ಹೇಗೋ ನಿಭಾಯಿಸಬಹುದು.

ಕಾಫಿಯಿಂದ ಶುರು ಮಾಡ್ತೀನಿ, ಯಾಕೆಂದರೆ ಎಲ್ಲರೂ ಎಡವೋದು ಇಲ್ಲೇ. ಇಬ್ಬರಿಗಾಗುವ ಸ್ಟೀಲ್ ಫಿಲ್ಟರ್ ಒಂದು, ಅರ್ಧ ಕೆಜಿ ಪುಡಿ ಒಯ್ಯಿರಿ. ಪುಡಿಯನ್ನ ಕಾಲು ಕೆಜಿಯ ಎರಡು ಪೊಟ್ಟಣ ಮಾಡಿಸಿ. ಒಡೆದ ಪೊಟ್ಟಣದ ಘಮ ಮೂರ್ನಾಲ್ಕು ವಾರಕ್ಕೆ ಇಳಿದುಹೋಗುತ್ತೆ. ಜೊತೆಗೆ 200 ಗ್ರಾಂ ಚಿಕೋರಿ ಬೇರೆಯಾಗಿ ತಗೊಳ್ಳಿ. ಊರಿನ ಪುಡಿ ಖಾಲಿಯಾದಾಗ ಅಲ್ಲಿಯ ಕಡು ಹುರಿದ ಕಾಫಿ ಬೀಜವನ್ನ ಅಂಗಡಿಯಲ್ಲೇ ಪುಡಿ ಮಾಡಿಸಿ 80 ಗ್ರಾಂಗೆ 20 ಗ್ರಾಂ ಚಿಕೋರಿ ಬೆರೆಸಿದರೆ ನಡೆಯುತ್ತೆ. ಎಸ್‌ಪ್ರೆಸೊ ಮೆಷಿನ್‌ಗೆ ಹಾಕೋ ಅಷ್ಟು ನುಣ್ಣಗೆ ಬೇಡ, ಡಿಕಾಕ್ಷನ್ ಇಳಿಯೋದೇ ಇಲ್ಲ. ಅಳತೆ: 18–20 ಗ್ರಾಂ ಪುಡಿ, ಅಂದರೆ ಮೂರು ದೊಡ್ಡ ಚಮಚ. ಕುದಿ ಬಂದು ಅರ್ಧ ನಿಮಿಷ ಬಿಟ್ಟ ನೀರು 120 ಎಂಎಲ್. ಬಿಲ್ಲೆಯನ್ನ ಮೆಲ್ಲಗೆ ಇಡಿ, ಒತ್ತಬೇಡಿ. ಇಪ್ಪತ್ತು ನಿಮಿಷ ಬಿಡಿ.

ಇಷ್ಟು ಮಾಡಿದರೂ "ಊರಿನ ರುಚಿ ಬರಲ್ಲ" ಅಂತ ಗೊಣಗುವವರಿದ್ದಾರೆ. ತಪ್ಪು ಪುಡಿಯದ್ದಲ್ಲ, ಹಾಲಿನದ್ದು. ಅಲ್ಲಿ ಶೆಲ್ಫ್‌ನಲ್ಲಿ ಹೊರಗೇ ಇಟ್ಟಿರುವ ಡಬ್ಬದ ಹಾಲು ಹಾ-ಮಿಲ್ಷ್ (H-Milch), ವಿಪರೀತ ಶಾಖ ಕೊಟ್ಟದ್ದು. ಅದರ ಬೆಂದ ವಾಸನೆ ಕಾಫಿಗೆ ಹತ್ತುತ್ತೆ. ಜೊತೆಗೆ ಅಗ್ಗವೆಂದು 1.5 ಪರ್ಸೆಂಟ್ ಕೊಬ್ಬಿನದನ್ನ ತಂದಿರ್ತಾರೆ. ಫ್ರಿಜ್‌ನಲ್ಲಿರುವ 3.5 ಪರ್ಸೆಂಟ್‌ನ ತಾಜಾ ಹಾಲು ತಗೊಳ್ಳಿ. ನಮ್ಮ ಟೋನ್ಡ್ ಹಾಲಿನಲ್ಲಿ ಕೊಬ್ಬು ಇರೋದು 3 ಪರ್ಸೆಂಟೇ, ಆದ್ದರಿಂದ ಅಲ್ಲಿಯ ಹಾಲು ನೀರಾಗಿರುತ್ತೆ ಅನ್ನೋ ಮಾತಿಲ್ಲ.

ಇನ್ನೊಂದು, ಮ್ಯೂನಿಕ್‌ನ ನಲ್ಲಿ ನೀರು ಗಡಸು. ಕುಡಿಯೋಕೆ ಚೆನ್ನ, ಬೇಯಿಸೋಕೆ ತಕರಾರು. ತೊಗರಿಬೇಳೆ ಎಷ್ಟು ಕೂಗಿಸಿದರೂ ಕಾಳುಕಾಳಾಗಿ ಉಳಿಯುತ್ತೆ, ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯನ್ನ ಮೆತ್ತಗಾಗೋಕೆ ಬಿಡಲ್ಲ. ಅರ್ಧ ಗಂಟೆ ನೆನೆಸಿ, ಫಿಲ್ಟರ್ ಇರುವ ಜಗ್ಗಿನಲ್ಲಿ ಸೋಸಿದ ನೀರಲ್ಲಿ ಬೇಯಿಸಿ. ಹುಣಸೆ, ಟೊಮೇಟೊ ಹಾಕೋದು ಬೇಳೆ ಬೆಂದ ಮೇಲೆ. ಕುಕ್ಕರ್ ಸ್ಟೀಲಿನದೇ ಇರಲಿ, ತಳ ಇಂಡಕ್ಷನ್‌ಗೆ ಹೊಂದಬೇಕು. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಸುಮ್ಮನೆ ಕೂತಿರುತ್ತೆ. ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಒಂದು ಜಾಸ್ತಿ ಇಟ್ಟುಕೊಳ್ಳಿ. ನಮ್ಮ ಅಳತೆಯದು ಅಲ್ಲಿ ಹುಡುಕಿ ಸುಸ್ತಾಗ್ತೀರ. ಮಿಕ್ಸಿ ಒಯ್ಯಬಹುದು, ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಅರ್ತ್ ಇರುವ ಗಟ್ಟಿ ಅಡಾಪ್ಟರ್ ಬೇಕು ಅಷ್ಟೆ. ಆದರೆ ಭಾನುವಾರ ಮಿಕ್ಸಿ ಓಡಿಸಬೇಡಿ. ಅಲ್ಲಿ ಭಾನುವಾರ ಪೂರ್ತಿ, ಬೇರೆ ದಿನ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡಬಾರದು ಅನ್ನೋ ಕಟ್ಟುನಿಟ್ಟು ಇದೆ. ಹಿಟ್ಟು ರುಬ್ಬೋದು ಶನಿವಾರ ಹಗಲು.

ಹಿಟ್ಟು ಹುದುಗದೇ ಇರೋದಕ್ಕೆ ಕಾರಣ ಚಳಿ. ಹೀಟರ್ ಹಾಕಿದ ಮನೆಯೂ 20 ಡಿಗ್ರಿ ಆಸುಪಾಸು. ಹಿಟ್ಟಿಗೆ ಬೇಕಾದದ್ದು 28ರಿಂದ 32. ಒಂದು ಅಳತೆ ಉದ್ದಿನಬೇಳೆಗೆ ಎರಡು ಇಡ್ಲಿ ರವೆ, ಅರ್ಧ ಚಮಚ ಮೆಂತ್ಯ, ಅಯೋಡಿನ್ ಇಲ್ಲದ ಉಪ್ಪು. ಓವನ್‌ನಲ್ಲಿ ದೀಪ ಮಾತ್ರ ಹಾಕಿ 12–14 ಗಂಟೆ ಇಡಿ. ದೀಪ ಎಲ್‌ಇಡಿ ಆಗಿದ್ದರೆ ಬಿಸಿ ಬರಲ್ಲ, ಆಗ ಪಕ್ಕದಲ್ಲಿ ಒಂದು ಪಾತ್ರೆ ಬಿಸಿನೀರಿಟ್ಟು ಆರಿದಾಗ ಬದಲಿಸಿ.

ಸಾಮಾನಿನ ವಿಷಯ ಬೇಗ ಹೇಳಿಬಿಡ್ತೀನಿ. ಬ್ಯಾಡಗಿ ಮೆಣಸಿನಕಾಯಿ ಕಾಲು ಕೆಜಿ, ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಒಯ್ಯಿರಿ. ಪುಳಿಯೋಗರೆ ಗೊಜ್ಜು ಚೆಕ್-ಇನ್ ಬ್ಯಾಗಿನಲ್ಲಿರಲಿ, ಕೈಚೀಲದಲ್ಲಿ ಅದನ್ನ ದ್ರವ ಅಂತಲೇ ಲೆಕ್ಕ ಹಾಕ್ತಾರೆ. ತುಪ್ಪ, ಪೇಡ ಬೇಡ. ಹಾಲಿನ ಪದಾರ್ಥವನ್ನ ಯುರೋಪ್ ಒಕ್ಕೂಟದ ಹೊರಗಿನಿಂದ ತರೋ ಹಾಗಿಲ್ಲ. ಹಸಿ ಕರಿಬೇವಿಗೂ 2019ರ ಡಿಸೆಂಬರ್‌ನಿಂದ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ತೆಂಗಿನಕಾಯಿಗೆ ವಿನಾಯಿತಿ ಇದೆ, ಆದರೆ ತುರಿದು ಫ್ರೀಜ್ ಮಾಡಿದ್ದು ಅಲ್ಲಿಯ ಏಷ್ಯನ್ ಅಂಗಡಿಗಳಲ್ಲೇ ಸಿಗೋದರಿಂದ ಸುಮ್ಮನೆ ಭಾರ ಹೊರಬೇಡಿ. ಅವರೆಕಾಯಿ ಸಿಗಲ್ಲ. ಗುಜರಾತಿಗಳ ಫ್ರೋಜನ್ ಪಾಪ್ಡಿ ಲಿಲ್ವಾ ಸಿಕ್ಕರೆ ಅದು ಅವರೆಯ ಜಾತಿಯದ್ದೇ. ನೆನೆಸಿ ಹಿತುಕಬಹುದು, ಸಾರೂ ಆಗುತ್ತೆ. ಸೊಗಡು ಮಾತ್ರ ಇರಲ್ಲ.

ಇನ್ನು ಸಂಜೆ. ಅಕ್ಟೋಬರ್ ಕೊನೇ ಭಾನುವಾರದಿಂದ ಮಾರ್ಚ್ ಕೊನೇ ಭಾನುವಾರದವರೆಗೆ ಎರಡೂ ಊರಿನ ನಡುವೆ ನಾಲ್ಕೂವರೆ ಗಂಟೆ, ಮಿಕ್ಕ ತಿಂಗಳು ಮೂರೂವರೆ. ಚಳಿಗಾಲದಲ್ಲಿ ನೀವು ಸಂಜೆ 6ಕ್ಕೆ ಮನೆ ಸೇರಿ ಫೋನ್ ಕೈಗೆ ತಗೊಂಡಾಗ ಇಲ್ಲಿ ರಾತ್ರಿ ಹತ್ತೂವರೆ, ಅಪ್ಪ-ಅಮ್ಮ ಮಲಗಿರ್ತಾರೆ, ಇಲ್ಲವೇ ನಿದ್ದೆಗಣ್ಣಲ್ಲಿ "ಊಟ ಆಯ್ತಾ" ಅಂತ ಕೇಳಿ ಇಟ್ಟುಬಿಡ್ತಾರೆ. ಫೋನಿನ ಹೊತ್ತನ್ನ ಮಧ್ಯಾಹ್ನ 12:30ರ ಊಟದ ಬಿಡುವಿಗೆ ತನ್ನಿ. ಇಲ್ಲಿ ಸಂಜೆ 5, ಕಾಫಿ ಲೋಟ ಹಿಡಿದು ಕೂತಿರುವ ಹೊತ್ತು, ಮಾತು ತಾನಾಗಿ ಬರುತ್ತೆ. ವಾರಕ್ಕೊಂದು ದೊಡ್ಡ ವಿಡಿಯೋ ಕಾಲ್‌ಗಿಂತ ಮೂರು ಸಲ ಹತ್ತು ನಿಮಿಷ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ದೊಡ್ಡ ಕಾಲ್‌ನಲ್ಲಿ ಎಲ್ಲರೂ ಚೆನ್ನಾಗಿದ್ದೀವಿ ಅಂತ ನಟಿಸ್ತಾರೆ, ಸಣ್ಣದರಲ್ಲಿ ಸೊಪ್ಪಿನ ರೇಟು, ನೀರಿನ ಮೋಟರ್ ಕೆಟ್ಟಿದ್ದು ಹೇಳ್ತಾರೆ. ಆ ಸಂಜೆ 6ನ್ನ ಖಾಲಿ ಬಿಡಬೇಡಿ, ಒಂದು ಜರ್ಮನ್ ಕ್ಲಾಸನ್ನೋ ಈಜನ್ನೋ ಅಲ್ಲಿಗೆ ಹಾಕಿ.

ನವೆಂಬರ್ ಬೇರೆಯೇ ಕಥೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಹನ್ನೊಂದು ಗಂಟೆಗೆ ಮೇಲೆ ಬೆಳಕಿರುತ್ತೆ. ಮ್ಯೂನಿಕ್‌ನಲ್ಲಿ ಡಿಸೆಂಬರ್ 21ಕ್ಕೆ ಸುಮಾರು ಎಂಟು ಗಂಟೆ ಇಪ್ಪತ್ತು ನಿಮಿಷ, ಸಂಜೆ ನಾಲ್ಕೂವರೆಗೆ ಮುಂಚೆಯೇ ಸೂರ್ಯ ಮುಳುಗಿರುತ್ತೆ, ಮೋಡ ಬೇರೆ. ಮನೆ ನೆನಪು ಅಂದುಕೊಂಡು ಅಳೋದರಲ್ಲಿ ಒಂದಷ್ಟು ಪಾಲು ಬರೀ ಬೆಳಕಿನ ಕೊರತೆ. ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡ ಇದ್ದರೂ. ಬೆಳಗ್ಗೆ 10,000 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ದೀಪದ ಮುಂದೆ 20–30 ನಿಮಿಷ ಕೂತು ಕಾಫಿ ಕುಡಿಯಿರಿ, ದೀಪವನ್ನೇ ನೋಡಬೇಕಿಲ್ಲ. ಎರಡು ವಾರ ದಾಟಿದರೂ ನಿದ್ದೆ, ಊಟ ಸರಿಹೋಗದಿದ್ದರೆ ಸುಮ್ಮನಿರಬೇಡಿ, ನಿಮ್ಮ ಹೌಸ್‌ಆರ್ಟ್ಸ್ಟ್‌ಗೆ, ಅಂದರೆ ಫ್ಯಾಮಿಲಿ ಡಾಕ್ಟರ್‌ಗೆ ತೋರಿಸಿ. ಒಂದು ಖುಷಿಯ ಸಂಗತಿ: ಬವೇರಿಯಾದಲ್ಲಿ ನವೆಂಬರ್ 1 ಅವರ ಹಬ್ಬದ ರಜೆ. ನಮ್ಮ ರಾಜ್ಯೋತ್ಸವಕ್ಕೆ ರಜೆ ಹಾಕದೇ ನಾಲ್ಕು ಕನ್ನಡದವರನ್ನ ಊಟಕ್ಕೆ ಕರೀಬಹುದು.

ಮೊದಲ ಸಲ ಊರಿಗೆ ಬರೋದು ಕ್ರಿಸ್‌ಮಸ್‌ಗೆ ಬೇಡ, ಟಿಕೆಟ್ ದುಬಾರಿ, ಅದಲ್ಲದೆ ಮರಳೋದು ಮತ್ತೆ ಕತ್ತಲಿಗೆ. ಸಂಕ್ರಾಂತಿಗೆ ಸ್ವಲ್ಪ ಮುಂಚೆ ಬನ್ನಿ. ಎಳ್ಳು-ಬೆಲ್ಲ, ಅವರೆಕಾಯಿ ಎರಡೂ ಸಿಗುತ್ತೆ. ಫೆಬ್ರವರಿ ಮಧ್ಯಕ್ಕೆ ಮರಳಿದರೆ ಅಲ್ಲಿ ಹಗಲು ಹತ್ತು ಗಂಟೆಗೆ ಬಂದಿರುತ್ತೆ.

ಎರಡನೇ ಪ್ರಶ್ನೆ. ವಾಪಸ್ ಬಂದವರನ್ನ ಕಾಡೋದು ರೈಲಿನ ಶಿಸ್ತು ಅಂದುಕೊಂಡಿದ್ದರೆ ಬಿಡಿ, ಅಲ್ಲಿ ದೂರದ ರೈಲುಗಳು ಈಗ ಧಾರಾಳವಾಗಿ ತಡ. ಕಾಡೋದು ಜೂನ್ ಸಂಜೆ. ಅಲ್ಲಿ ರಾತ್ರಿ ಒಂಬತ್ತೂ ಕಾಲಿಗೆ ಸೂರ್ಯಾಸ್ತ, ಊಟ ಮುಗಿಸಿ ಈಸಾರ್ ನದಿ ದಂಡೆಯಲ್ಲಿ ಕೂರಬಹುದು; ಇಲ್ಲಿ ಅದೇ ದಿನ ಏಳರೊಳಗೆ ಮುಳುಗುತ್ತೆ. ಇದಕ್ಕೆ ಮದ್ದಿಲ್ಲ, ಅಲ್ಲಿರುವಾಗಲೇ ಆ ಸಂಜೆಗಳನ್ನ ಟಿವಿ ಮುಂದೆ ಕಳೀಬೇಡಿ. ಮೊದಲ ವರ್ಷ ಬೈಯ್ಯುವ ಭಾನುವಾರದ ನಿಶ್ಶಬ್ದ, ಅಂಗಡಿಯೆಲ್ಲ ಮುಚ್ಚಿರೋದು, ಅದೂ ಕಾಡುತ್ತೆ. ನಲ್ಲಿಗೆ ಲೋಟ ಹಿಡಿದು ಕುಡಿಯೋದು, ಝೀಬ್ರಾ ಕ್ರಾಸಿಂಗ್‌ನಲ್ಲಿ ಕಾರು ನಿಲ್ಲೋದು, ಯಾರೂ ಸಂಬಳ-ಮದುವೆ ಕೇಳದೇ ಇರೋದು.

ಅಲ್ಲಿ ರೂಢಿಯಾದ ನಡಿಗೆ ಬಿಡೋಕೆ ಮನಸ್ಸಿಲ್ಲದಿದ್ದರೆ ಇಲ್ಲಿ ಮನೆ ಹಿಡಿಯುವಾಗಲೇ ಮೆಟ್ರೋ ನಿಲ್ದಾಣಕ್ಕೆ ಹತ್ತು ನಿಮಿಷದ ದಾರಿ ನೋಡಿ, ಗೂಗಲ್ ಮ್ಯಾಪ್ ನಂಬದೇ ಆ ದಾರಿಯಲ್ಲಿ ಕತ್ತಲಾದ ಮೇಲೆ ಒಮ್ಮೆ ನಡೆಯಿರಿ. ಫುಟ್‌ಪಾತ್ ಎಲ್ಲಿ ತುಂಡಾಗುತ್ತೆ ಅಂತ ಆಗ ಗೊತ್ತಾಗುತ್ತೆ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ವಾಹನ ಬಿಡಲ್ಲ, ಅದನ್ನ ಬಳಸಿಕೊಳ್ಳಿ. ಜರ್ಮನ್ ಮಾತು ಮರೆಯಬಾರದೆಂದರೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ.

ಬ್ರೆಡ್ ಒಂದನ್ನ ಮಾತ್ರ ಪೂರ್ತಿ ತರಬಹುದು. ರೈ ಅನ್ನೋ ಧಾನ್ಯದ ಹಿಟ್ಟಿನ ಹುಳಿ ಹೆಪ್ಪನ್ನ, ಅಂದರೆ ಬ್ರೆಡ್ ಉಬ್ಬಿಸೋ ಹುದುಗನ್ನ, ಬೇಕಿಂಗ್ ಪೇಪರ್ ಮೇಲೆ ತೆಳ್ಳಗೆ ಸವರಿ ಎರಡು ದಿನ ಒಣಗಿಸಿ, ಪುಡಿ ಮಾಡಿ ಡಬ್ಬಿಯಲ್ಲಿ ತನ್ನಿ. ಇಲ್ಲಿ ಒಂದು ಚಮಚ ಪುಡಿಯನ್ನ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ದಿನಾ 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಸೇರಿಸುತ್ತಾ ಬಂದರೆ ನಾಲ್ಕೈದು ದಿನಕ್ಕೆ ಎದ್ದು ಕೂರುತ್ತೆ. ಹಿಟ್ಟು ಉಬ್ಬೋಕೆ ಅಲ್ಲಿಯ ಅಡುಗೆ ಪುಸ್ತಕ ಹೇಳೋ ಹೊತ್ತು ಇಲ್ಲಿ ನಡೆಯಲ್ಲ. ಬೆಂಗಳೂರಿನ ಏಪ್ರಿಲ್ ಸೆಕೆಗೆ ನಾಲ್ಕೈದು ಗಂಟೆಯಲ್ಲೇ ಉಕ್ಕುತ್ತೆ, ರಾತ್ರಿಯಿಡೀ ಹೊರಗಿಟ್ಟರೆ ಹುಳಿ ಮೀರಿ ಬ್ರೆಡ್ ಕುಸಿಯುತ್ತೆ. ಕಲಸಿದ ಮೇಲೆ ಫ್ರಿಜ್‌ಗೆ ಇಡಿ.