ಡೆಬಿಯನ್ ಹಾಕಿದ ಮೇಲೆ ವೈಫೈ ಮಾಯ: ಕಾರ್ಡ್ ಬದಲಿಸಬೇಕೇ?

ಬೇಡ, ಇನ್ನೂ ದುಡ್ಡು ಖರ್ಚು ಮಾಡಬೇಡಿ. ವಿಂಡೋಸ್ ಇದ್ದಾಗ ಸರಿಯಾಗಿದ್ದ ವೈಫೈ, ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿದ ಕೂಡಲೇ ಕಾಣೆಯಾಯಿತು, ಶಿರಸಿ ಪೇಟೆಯ ಅಂಗಡಿಯವರು ಕಾರ್ಡ್ ಸುಟ್ಟಿದೆ ಎಂದರು ಅಂತ ಬರೆದಿದ್ದೀರಿ. ಸುಟ್ಟ ಕಾರ್ಡ್ ಸಾಮಾನ್ಯವಾಗಿ ಎಲ್‌ಎಸ್‌ಪಿಸಿಐ (ಲ್ಯಾಪ್‌ಟಾಪ್ ಒಳಗಿನ ಕಾರ್ಡ್‌ಗಳನ್ನು ತೋರಿಸುವ ಕಮಾಂಡ್) ಪಟ್ಟಿಯಲ್ಲಿ ಬರುವುದೇ ಇಲ್ಲ. ನಿಮ್ಮದು ಬಂದಿದೆ: ಬ್ರಾಡ್‌ಕಾಮ್ ಬಿಸಿಎಂ43142, ನಂಬರ್ 14ಇ4:4365. ಸಿದ್ದಾಪುರದ ಕಡೆ ನಮ್ಮ ನೆಂಟರಿಷ್ಟರ ಮನೆಗಳಲ್ಲಿ ಇದೇ ಕಾರ್ಡಿನ ಲ್ಯಾಪ್‌ಟಾಪ್‌ಗಳನ್ನು ಸರಿ ಮಾಡಿಕೊಟ್ಟಿದ್ದೇನೆ.

ಡೆಬಿಯನ್ 12ರ ಸಿಡಿಯಲ್ಲೇ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ತಂತ್ರಾಂಶ) ಇದೆಯಲ್ಲ, ಮತ್ತೇಕೆ ನಡೆಯಲಿಲ್ಲ ಎಂಬ ನಿಮ್ಮ ಪ್ರಶ್ನೆ ಸರಿಯಾಗಿದೆ. ಫರ್ಮ್‌ವೇರ್ ಇದೆ, ನಿಜ. ಆದರೆ ಈ ಚಿಪ್ಪಿಗೆ ಬೇಕಿರುವುದು ಕಂಪನಿಯದೇ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಹೆಸರು ಡಬ್ಲ್ಯೂಎಲ್. ಅದರ ಮುಖ್ಯ ಭಾಗದ ಸೋರ್ಸ್ ಕೋಡ್ ಕಂಪನಿ ಕೊಟ್ಟಿಲ್ಲ. ಹಾಗಾಗಿ ಅದು ಡೆಬಿಯನ್‌ನ ನಾನ್-ಫ್ರೀ (ಮುಕ್ತವಲ್ಲದ ತಂತ್ರಾಂಶಗಳ) ವಿಭಾಗದಲ್ಲಿದೆ, ತಾನಾಗಿ ಬರುವುದಿಲ್ಲ.

ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ಡ್ರೈವರ್ ಬೇಕು. ಮೊಬೈಲ್ ಇದನ್ನು ಬಿಡಿಸುತ್ತದೆ. ಸಿಗ್ನಲ್ ಸಿಗುವ ಜಾಗ ಅಟ್ಟವೋ ಜಗಲಿಯೋ, ಲ್ಯಾಪ್‌ಟಾಪನ್ನು ಅಲ್ಲಿಗೇ ಒಯ್ಯಿರಿ. ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಡೆಬಿಯನ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ತಿಳಿಯುತ್ತದೆ. ಆ ಆಯ್ಕೆ ಮಸುಕಾಗಿಯೇ ಉಳಿದರೆ ಕೇಬಲ್ ಬದಲಿಸಿ ನೋಡಿ. ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಹರಿಯುತ್ತದೆ, ಡೇಟಾ ಹೋಗುವುದಿಲ್ಲ.

ಆಮೇಲೆ, ಪ್ಯಾಕೇಜ್‌ಗಳನ್ನು ಎಲ್ಲಿಂದ ತರಬೇಕೆಂದು ಬರೆದಿರುವ ಸೋರ್ಸಸ್ ಲಿಸ್ಟ್ ಫೈಲಿನಲ್ಲಿ, ಮೇನ್ ಎಂದಿರುವ ಸಾಲುಗಳಿಗೆ ಕಾಂಟ್ರಿಬ್ ಮತ್ತು ನಾನ್-ಫ್ರೀ ಸೇರಿಸಿ ಅಪ್‌ಡೇಟ್ ಕಮಾಂಡ್ ಕೊಡಿ. ಲಿನಕ್ಸ್-ಹೆಡರ್ಸ್-ಎಎಂಡಿ64 ಮತ್ತು ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್, ಎರಡನ್ನೂ ಒಟ್ಟಿಗೆ ಇನ್‌ಸ್ಟಾಲ್ ಮಾಡಿ. ಹೆಡರ್ಸ್ (ಡ್ರೈವರ್ ತಯಾರಾಗಲು ಬೇಕಾದ ಫೈಲುಗಳು) ಬಿಟ್ಟರೆ ಪ್ಯಾಕೇಜ್ ಇಳಿಯುತ್ತದೆ, ಡ್ರೈವರ್ ಮಾತ್ರ ತಯಾರಾಗುವುದಿಲ್ಲ. ಡ್ರೈವರನ್ನು ತಯಾರಿಸುವ ಕಂಪೈಲರ್ ಕೂಡ ಜೊತೆಗೆ ಬರುವುದರಿಂದ ಡೌನ್‌ಲೋಡ್ ದೊಡ್ಡದು. ಮಳೆಗಾಲದಲ್ಲಿ ಕರೆಂಟ್ ನಂಬಬೇಡಿ, ಬ್ಯಾಟರಿ ತುಂಬಿಸಿಕೊಂಡೇ ಕೂರಿ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ.

ಆಗಲೂ ವೈಫೈ ಬರದಿದ್ದರೆ ನನ್ನ ಮೊದಲ ಅನುಮಾನ ಸೆಕ್ಯೂರ್ ಬೂಟ್ ಮೇಲೆ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್) ಅದನ್ನು ಆಫ್ ಮಾಡುವುದು ಸುಲಭದ ದಾರಿ. ಅದೂ ಅಲ್ಲವಾದರೆ ವೈಫೈ ಆಫ್ ಆಗಿದೆಯೇ ಎಂದು ತೋರಿಸುವ ಆರ್‌ಎಫ್‌ಕಿಲ್ ಲಿಸ್ಟ್ ಕಮಾಂಡ್ ಕೊಟ್ಟು ನೋಡಿ. ಹಾರ್ಡ್ ಬ್ಲಾಕ್ಡ್ ಮುಂದೆ ಯೆಸ್ ಎಂದು ಬಂದರೆ ಕೀಬೋರ್ಡಿನ ವಿಮಾನದ ಗುರುತಿನ ಕೀ ಒತ್ತಬೇಕು.

ಈ ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ರೂಟರಿನ 5 ಗಿಗಾಹರ್ಟ್ಸ್ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ. ದಪ್ಪ ಚಿರೆಕಲ್ಲು ಗೋಡೆಯ ನಮ್ಮ ಮನೆಗಳಲ್ಲಿ ಒಳಕೋಣೆಯವರೆಗೆ ತಲುಪುವುದು ಹೇಗೂ 2.4 ಸಿಗ್ನಲ್ಲೇ.

ಮುಂದೊಮ್ಮೆ ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಅಪ್‌ಡೇಟ್ ಆದ ಮೇಲೆ ಡ್ರೈವರ್ ಮತ್ತೆ ಕೈಕೊಟ್ಟರೆ, ಒಳಗಿನ ಕಾರ್ಡ್ ಬಿಚ್ಚಿ ಬದಲಿಸುವ ಬದಲು ಎಆರ್9271 ಚಿಪ್ಪಿನ ಯುಎಸ್‌ಬಿ ಡಾಂಗಲ್ ಕೊಳ್ಳಿ. ಅದರ ಡ್ರೈವರ್ ಕರ್ನಲ್ಲಿನಲ್ಲೇ ಇದೆ. ಒಳಗಿನ ಕಾರ್ಡ್ ಬದಲಿಸಲು ಹೋದರೆ ಇನ್ನೊಂದು ತೊಡಕಿದೆ: ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್, ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲು ಬಿಡುವುದಿಲ್ಲ.