ಹಬ್ಬದ ದಿನ ಅಮ್ಮನನ್ನು ನೋಡಲು ಹೋಗಲೇ, ಬೇಡವೇ?

ಪ್ರಶ್ನೆ: ನನಗೆ 52 ವರ್ಷ, ಬೆಂಗಳೂರಿನಲ್ಲಿದ್ದೇನೆ. ಮರೆವಿನ ಕಾಯಿಲೆಯಿರುವ 81 ವರ್ಷದ ಅಮ್ಮ ಎರಡು ವರ್ಷಗಳಿಂದ ಮೈಸೂರಿನ ವೃದ್ಧಾಶ್ರಮವೊಂದರಲ್ಲಿದ್ದಾರೆ. ಕಳೆದ ದೀಪಾವಳಿಗೆ ಮನೆಗೆ ಕರೆತಂದಾಗ ಪಟಾಕಿಯ ಸದ್ದಿಗೂ ನೆಂಟರ ಗದ್ದಲಕ್ಕೂ ಬೆದರಿ ಇಡೀ ರಾತ್ರಿ ನಿದ್ರಿಸಲಿಲ್ಲ. ಮರಳಿ ಬಿಟ್ಟು ಬರುವಾಗ ನನ್ನ ಸೆರಗು ಹಿಡಿದುಕೊಂಡು ಅತ್ತರು. ‘ನೀನು ಹೋದರೆ ಅಮ್ಮ ಅಳುತ್ತಾಳೆ, ಮರುದಿನ ನೀನು ಬಂದಿದ್ದೇ ನೆನಪಿರುವುದಿಲ್ಲ, ಹಬ್ಬದಲ್ಲಿ ಹೋಗಬೇಡ’ ಎನ್ನುತ್ತಾಳೆ ಅಕ್ಕ. ನನಗೆ ದಾರಿ ತೋಚುತ್ತಿಲ್ಲ.

ಉತ್ತರ: ಸಹೋದರಿ, ಖಂಡಿತ ಹೋಗಿ ಬನ್ನಿ. ಆದರೆ ಈ ವರ್ಷ ಅಮ್ಮನನ್ನು ಹಬ್ಬಕ್ಕೆ ಕರೆತರುವ ಬದಲು ಹಬ್ಬವನ್ನೇ ಅಮ್ಮನಿದ್ದಲ್ಲಿಗೆ ಕೊಂಡೊಯ್ಯಿರಿ, ಅದೂ ಸ್ವಲ್ಪವೇ.

ಅಕ್ಕನ ಮಾತಿನಲ್ಲಿ ಅರ್ಧ ನಿಜವಿದೆ. ನೀವು ಬಂದಿದ್ದು ಅಮ್ಮನಿಗೆ ಮರೆತುಹೋಗಬಹುದು, ಆದರೆ ನೀವು ಬಂದಾಗ ಆದ ಹಿತ ಅಷ್ಟು ಬೇಗ ಅಳಿಸಿಹೋಗುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಜೈಮರ್ ಕಾಯಿಲೆಯಿದ್ದ 17 ಮಂದಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿ ನಡೆಸಿದ ಅಧ್ಯಯನವೊಂದನ್ನು 2014ರಲ್ಲಿ ಪ್ರಕಟಿಸಿದರು. ನೋಡಿದ್ದೇನೆಂಬುದು ಅವರಿಗೆ ಬಹುಬೇಗ ಮರೆತಿದ್ದರೂ ಅದು ಮೂಡಿಸಿದ ಭಾವ ಆಮೇಲೂ ಉಳಿದಿತ್ತು. ಸಂತೋಷದಂತೆ ದುಃಖವೂ ಉಳಿದಿತ್ತು ಎಂಬುದನ್ನು ಗಮನಿಸಿ. ಆದ್ದರಿಂದ ಹೋಗಬೇಕೇ ಎಂಬುದಕ್ಕಿಂತ ಹೇಗೆ ಹೊರಟುಬರಬೇಕು ಎಂಬುದೇ ನಿಮ್ಮ ಮುಂದಿರುವ ಕಷ್ಟದ ಪ್ರಶ್ನೆ.

ಮರೆವಿನ ಕಾಯಿಲೆಯವರಲ್ಲಿ ಹಲವರಿಗೆ ಸಂಜೆಯಾಗುತ್ತಿದ್ದಂತೆ ಗೊಂದಲ, ಚಡಪಡಿಕೆ ಹೆಚ್ಚುತ್ತದೆ; ಪಟಾಕಿ ಜೋರಾಗುವುದೂ ಅದೇ ಹೊತ್ತಿಗೆ. ಹೀಗಾಗಿ ನರಕ ಚತುರ್ದಶಿಯ ಬೆಳಿಗ್ಗೆ ಹೋಗುವುದು ಒಳ್ಳೆಯದು. ಸಮಯವನ್ನು ಅಲ್ಲಿನ ಸಿಬ್ಬಂದಿಯನ್ನು ಕೇಳಿಯೇ ನಿಗದಿಪಡಿಸಿಕೊಳ್ಳಿ, ನಿಮಗೆ ನೆಗಡಿ, ಜ್ವರವಿದ್ದರೆ ಮಾತ್ರ ಮುಂದೂಡಿ. ಎಣ್ಣೆ ಸ್ನಾನ ಮಾಡಿಸಲು ಹೋಗಬೇಡಿ, ನೆಲ ಜಾರಿದರೆ ಅನಾಹುತವಾದೀತು. ಉಗುರುಬೆಚ್ಚಗಿನ ಎಣ್ಣೆಯನ್ನು ನಾಲ್ಕು ಬೆರಳಲ್ಲಿ ಅದ್ದಿ, ಅವರು ನಿಮಗೆ ಚಿಕ್ಕಂದಿನಲ್ಲಿ ಹಚ್ಚುತ್ತಿದ್ದಂತೆಯೇ ನೆತ್ತಿಗೆ ಹಚ್ಚಿ, ತಲೆ ಬಾಚಿ, ಒಂದು ಎಸಳು ಹೂ ಮುಡಿಸಿ. ಚಕ್ಕುಲಿಯಂಥ ಗಟ್ಟಿ ತಿಂಡಿ ಬೇಡ. ಸಕ್ಕರೆ ಕಾಯಿಲೆ ಇಲ್ಲದೆ, ನುಂಗಲು ತೊಂದರೆಯೂ ಇಲ್ಲದಿದ್ದರೆ ಮೆತ್ತನೆಯ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಎರಡು ತುತ್ತು ಕೊಡಿ.

‘ನಾನು ಯಾರು ಹೇಳು ನೋಡೋಣ’ ಎಂದು ದಯವಿಟ್ಟು ಕೇಳಬೇಡಿ. ಉತ್ತರ ತಿಳಿಯದ ಮಗುವನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದಂತೆ ಅದು. ನಿಮ್ಮ ಹೆಸರನ್ನು ನೀವೇ ಹೇಳಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ನನ್ನ ಚಿಕ್ಕಮ್ಮ ಕೊನೆಯ ದಿನಗಳಲ್ಲಿ ನನ್ನ ಗುರುತು ಹಿಡಿಯುತ್ತಿರಲಿಲ್ಲ, ಆದರೆ ಪ್ರತಿ ಸಲವೂ ನನ್ನ ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ ‘ಜರಿ ಚೆನ್ನಾಗಿದೆ’ ಎನ್ನುತ್ತಿದ್ದರು. ಒಂದು ಗಂಟೆಯ ಭೇಟಿಯಲ್ಲಿ ಅಷ್ಟೇ ಮಾತು ಆದ ದಿನಗಳೂ ಇದ್ದವು, ಮತ್ತು ಅವು ನನಗೆ ಖಾಲಿ ದಿನಗಳೆನಿಸಲಿಲ್ಲ.

‘ಮನೆಗೆ ಹೋಗೋಣ’ ಎಂದು ಅಮ್ಮ ಕೇಳಿಯೇ ಕೇಳುತ್ತಾರೆ. ಅವರ ಮನಸ್ಸಿನಲ್ಲಿರುವುದು ನಿಮ್ಮ ಬೆಂಗಳೂರಿನ ಮನೆಯೇ ಆಗಿರಬೇಕೆಂದಿಲ್ಲ, ಎಪ್ಪತ್ತು ವರ್ಷದ ಹಿಂದಿನ ತವರೂ ಇರಬಹುದು. ‘ನಾಳೆ ಕರೆದುಕೊಂಡು ಹೋಗುತ್ತೇನೆ’ ಎಂಬ ಸುಳ್ಳು ಭರವಸೆ ಕೊಡದೆ, ಆ ಮನೆಯಲ್ಲಿ ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆಯುತ್ತಿದ್ದವರು ಯಾರು, ಯಾವ ಅಡುಗೆ ಮಾಡುತ್ತಿದ್ದರು ಎಂದು ಕೇಳುತ್ತಾ ಮಾತನ್ನು ಅತ್ತ ಹೊರಳಿಸಿ. ಮಧ್ಯಾಹ್ನದ ಊಟಕ್ಕೆ ಕರೆಯುವ ಹೊತ್ತಿಗೆ ಅಮ್ಮನನ್ನು ನೀವೇ ಕೈಹಿಡಿದು ಊಟದ ಮನೆಗೆ ಕರೆದೊಯ್ದು, ತಟ್ಟೆ ಮುಂದೆ ಬಂದು ಅವರಿಗೆ ಒಗ್ಗಿದ ಸಿಬ್ಬಂದಿ ಪಕ್ಕದಲ್ಲಿ ಕುಳಿತ ಮೇಲೆ ‘ಹೋಗಿ ಬರುತ್ತೇನಮ್ಮ’ ಎಂದು ಹೇಳಿ ಹೊರಡಿ. ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ತಿರುಗಿ ನೋಡಬೇಡಿ. ಆಗಲೂ ಅತ್ತರೆ, ಅದು ಅಗಲಿಕೆಯ ಅಳು. ನೀವು ಬಂದದ್ದೇ ತಪ್ಪಾಯಿತೆಂದು ಅದರ ಅರ್ಥವಲ್ಲ.

ಒಂದು ಎಸಳು ಹೂ ಹೆಚ್ಚಿಗೆ ಒಯ್ಯಿರಿ. ಪಕ್ಕದ ಮಂಚದ ಅಜ್ಜಿಗೆ ಯಾರೂ ಬಂದಿರಲಿಕ್ಕಿಲ್ಲ.

ಅಕ್ಕನ ಮೇಲೆ ಬೇಸರ ಬೇಡ. ಅಮ್ಮನ ಅಳುವನ್ನು ನೋಡಲಾರದ ಸಂಕಟವೇ ಅವರಿಂದ ಹಾಗೆ ಆಡಿಸುತ್ತಿರಬಹುದೆಂದು ನನಗನ್ನಿಸುತ್ತದೆ. ಒಟ್ಟಿಗೆ ಹೋಗೋಣವೆಂದು ಒಮ್ಮೆ ಕರೆದು ನೋಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಬ್ಬದ ದಿನಗಳಲ್ಲಿ ವೃದ್ಧಾಶ್ರಮಗಳಿಗೆ ಸಿಹಿ ಹಂಚುವವರು, ಊಟ ಹಾಕಿಸುವವರು, ಫೋಟೊ ತೆಗೆಸಿಕೊಳ್ಳುವವರು ಸಾಲಾಗಿ ಬರುತ್ತಾರೆ. ಬಲಿಪಾಡ್ಯಮಿ ಕಳೆಯಿತೆಂದರೆ ಆ ಅಂಗಳ ಬರಿದಾಗುತ್ತದೆ. ಚತುರ್ದಶಿಯಂದು ಎರಡು ಗಂಟೆ ಕುಳಿತುಕೊಳ್ಳುವ ಬದಲು ಒಂದೇ ಗಂಟೆ ಕುಳಿತು, ಉಳಿದ ಗಂಟೆಯನ್ನು ಹಬ್ಬದ ಮುಂದಿನ ಭಾನುವಾರಕ್ಕೆ ಎತ್ತಿಡಿ. ಆ ಭಾನುವಾರದ ಟಿಕೆಟನ್ನೂ ಈಗಲೇ ಕಾಯ್ದಿರಿಸಿಕೊಳ್ಳಿ.